ಮೈಮೇಲೆ ಸಾಲ ಇದ್ದಾಗ ಮನೆ ಸಾಲ ಎಷ್ಟು ಸಿಗುತ್ತದೆ? ಕಲಬುರಗಿಯವರ ಅನುಭವ

ಕೇಳಿದವರು: ಪ್ರೌಢಶಾಲೆ ಶಿಕ್ಷಕ, ಸೇಡಂ ರಸ್ತೆ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಆಳಂದ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲಸ, ವಾಸ ಮಾತ್ರ ಕಲಬುರಗಿಯಲ್ಲಿ, ಬಾಡಿಗೆ ಮನೆ. ಎಲ್ಲ ಕಟಾವಣೆ ಹೋಗಿ ಕೈಗೆ 58 ಸಾವಿರ ಬರುತ್ತದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ, 16 ಸಾವಿರ, ಬ್ಯಾಂಕ್ ಖಾತೆಗೇ ಬರುತ್ತದೆ.

ರಿಂಗ್ ರೋಡ್ ಹತ್ತಿರ ಒಂದು ಮನೆ ನೋಡಿದ್ದೇವೆ. ಹಳೆಯದು, ಆದರೆ ಗಟ್ಟಿ ಮನೆ. ಮಾಲೀಕರು 40 ಲಕ್ಷ ಹೇಳುತ್ತಿದ್ದಾರೆ. 30 ಲಕ್ಷ ಸಾಲ ಬೇಕು. ಕೈಯಲ್ಲಿ 14 ಲಕ್ಷ ಕೂಡಿಟ್ಟಿದ್ದೇನೆ.

ಈಗಿರುವ ಸಾಲ ಹೇಳಿಬಿಡುತ್ತೇನೆ. ತಂಗಿ ಮದುವೆಗೆ ತೆಗೆದ 4 ಲಕ್ಷದ ಪರ್ಸನಲ್ ಲೋನ್. ತಂಗಿ ಗಂಡನ ಮನೆಗೆ ಹೋದಳು, ಸಾಲ ತವರಲ್ಲೇ ಉಳಿಯಿತು. ಇನ್ನೂ 2 ಲಕ್ಷ 60 ಸಾವಿರ ಬಾಕಿ, ಕಂತು 9,300. ಬೈಕ್ ಕಂತು 3,400, ಏಳು ಉಳಿದಿವೆ. ಫೋನ್ ಕಂತು 2,100, ನಾಲ್ಕು ಉಳಿದಿವೆ. ಕ್ರೆಡಿಟ್ ಕಾರ್ಡ್‌ನಲ್ಲಿ 46 ಸಾವಿರ ಇದೆ, ತಿಂಗಳಿಗೆ ಮಿನಿಮಮ್ ಅಷ್ಟೇ ಕಟ್ಟುತ್ತಿದ್ದೇನೆ. ಸಿಬಿಲ್ (ಸಾಲ ಹೇಗೆ ಕಟ್ಟಿದ್ದೇವೆ ಅಂತ ಬ್ಯಾಂಕುಗಳು ನೋಡುವ ಅಂಕ) 718 ತೋರಿಸುತ್ತಿದೆ. ಯಾವ ಕಂತೂ ತಪ್ಪಿಸಿಲ್ಲ.

ಒಬ್ಬರು "ಎಲ್ಲ ತೀರಿಸಿ ಆಮೇಲೆ ಬಾ" ಅಂತಾರೆ. ಇನ್ನೊಬ್ಬರು "ಸರ್ಕಾರಿ ನೌಕರಿ, ಕಣ್ಣು ಮುಚ್ಚಿ ಕೊಡ್ತಾರೆ" ಅಂತಾರೆ. ನಿಮಗೆಲ್ಲ ಏನಾಯ್ತು, ಹೇಳಿ. ಮಾಲೀಕರು ಈ ವಾರ 2 ಲಕ್ಷ ಮುಂಗಡ ಕೇಳುತ್ತಿದ್ದಾರೆ.

—

ಬ್ಯಾಂಕಿನಿಂದ ನಿವೃತ್ತ, ಶಹಾಬಜಾರ

ಮಾಸ್ತರೆ, ಮೊದಲು ಆ 2 ಲಕ್ಷ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಸರ್ಕಾರಿ ನೌಕರಿಗೆ ಕಣ್ಣು ಮುಚ್ಚಿ ಕೊಡುತ್ತಾರೆ ಅನ್ನೋದು ಅರ್ಧ ನಿಜ. ಸಂಬಳ ನಿಲ್ಲುವುದಿಲ್ಲ ಅನ್ನೋ ನಂಬಿಕೆ ಬ್ಯಾಂಕಿಗೆ ಇರುತ್ತದೆ. ಆದರೆ ಸಂಬಳದಲ್ಲಿ ಎಷ್ಟು ಭಾಗ ಈಗಾಗಲೇ ಬೇರೆಯವರ ಪಾಲಾಗಿದೆ ಅಂತ ನೋಡಿಯೇ ನೋಡುತ್ತಾರೆ. ನಾನು ಸಾಲದ ಡೆಸ್ಕಿನಲ್ಲಿ ಕೂತಾಗ ಬಂದವರೆಲ್ಲ "ನನಗೆ ಒಟ್ಟು ಇಷ್ಟು ಲಕ್ಷ ಸಾಲ ಇದೆ ಸರ್" ಅಂತ ಶುರು ಮಾಡುತ್ತಿದ್ದರು. ನಾನು ಕೇಳುತ್ತಿದ್ದದ್ದು ಒಂದೇ ಮಾತು, "ತಿಂಗಳಿಗೆ ಎಷ್ಟು ಹೋಗುತ್ತೆ?" ಬ್ಯಾಂಕಿಗೆ ಬೇಕಿರುವುದು ಕಂತಿನ ಲೆಕ್ಕ.

ನಿಮ್ಮ ಲೆಕ್ಕ ಹಾಕಿ ತೋರಿಸುತ್ತೇನೆ. ಬಹಳ ಕಡೆ ಕೈಗೆ ಬರುವ ಸಂಬಳದ ಅರ್ಧದವರೆಗೆ ಎಲ್ಲ ಕಂತು ಸೇರಿ ಇರಬಹುದು ಅಂತ ನೋಡುತ್ತಾರೆ. ಸಂಬಳ ಜಾಸ್ತಿ ಇದ್ದರೆ ನೂರಕ್ಕೆ 60ರವರೆಗೂ ಹೋಗುತ್ತಾರೆ. ನಾವು ಅರ್ಧ ಅಂತಲೇ ಹಿಡಿಯೋಣ. 58 ಸಾವಿರದ ಅರ್ಧ 29 ಸಾವಿರ. ಅದರಲ್ಲಿ ಪರ್ಸನಲ್ ಲೋನ್ 9,300, ಬೈಕ್ 3,400, ಫೋನ್ 2,100. ಕಾರ್ಡಿಗೆ ಕಂತು ಇಲ್ಲ ಅಂತ ಬಿಡುವುದಿಲ್ಲ, ಬಾಕಿಯ ನೂರಕ್ಕೆ 5ನ್ನು ತಿಂಗಳ ಹೊರೆ ಅಂತ ಹಿಡಿಯುವ ಬ್ಯಾಂಕುಗಳಿವೆ. ಅಂದರೆ 2,300. ಒಟ್ಟು 17,100. ಉಳಿದದ್ದು 11,900.

8.5 ಬಡ್ಡಿಗೆ 20 ವರ್ಷದ ಸಾಲಕ್ಕೆ ಒಂದು ಲಕ್ಷಕ್ಕೆ ಕಂತು ಸುಮಾರು 868 ರೂಪಾಯಿ. 11,900ಕ್ಕೆ ಬರುವುದು 13 ಲಕ್ಷ 70 ಸಾವಿರ. ನಿಮಗೆ ಬೇಕಿರುವುದು 30. ಅರ್ಧವೂ ಇಲ್ಲ. ಇದನ್ನೇ ಇನ್ನೊಂದು ರೀತಿ ನೋಡಿ: ನಿಮ್ಮ ಬೇರೆ ಸಾಲದ ಪ್ರತಿ ಸಾವಿರ ರೂಪಾಯಿ ಕಂತು ಮನೆ ಸಾಲದಲ್ಲಿ 1 ಲಕ್ಷ 15 ಸಾವಿರ ತಿಂದುಹಾಕುತ್ತದೆ.

ಹಾಗಾದರೆ ಯಾವುದನ್ನು ಮೊದಲು ತೀರಿಸಬೇಕು? ಎಲ್ಲರೂ ದೊಡ್ಡ ಸಾಲದ ಮೇಲೆ ಬೀಳುತ್ತಾರೆ. ನಿಮ್ಮ ಫೋನ್ ನೋಡಿ. 8,400 ಕೊಟ್ಟರೆ 2,100ರ ಕಂತು ಹೋಗುತ್ತದೆ. ಬೈಕಿಗೆ ಸುಮಾರು 24 ಸಾವಿರ ಕೊಟ್ಟರೆ 3,400. ಕಾರ್ಡಿಗೆ 46 ಸಾವಿರ ಕೊಟ್ಟರೆ 2,300. ಮೂರೂ ಸೇರಿ 78 ಸಾವಿರ ಖರ್ಚು, ತಿಂಗಳಿಗೆ 7,800 ಬಿಡುಗಡೆ. ಅಲ್ಲಿಗೆ 22 ಲಕ್ಷ 70 ಸಾವಿರದವರೆಗೆ ಬಂದಿರಿ. ಅದೇ ಪರ್ಸನಲ್ ಲೋನ್ ತೀರಿಸಲು 2 ಲಕ್ಷ 60 ಸಾವಿರ ಬೇಕು, ಬಿಡುಗಡೆ ಆಗುವುದು 9,300. ಯಾವುದು ಅಗ್ಗ ಅಂತ ನೀವೇ ಹೇಳಿ. ಗಣಿತದ ಮಾಸ್ತರೋ ಕನ್ನಡದ ಮಾಸ್ತರೋ ಗೊತ್ತಿಲ್ಲ.

ಇನ್ನು ಹೆಂಡತಿಯವರನ್ನು ಸಹ ಅರ್ಜಿದಾರರನ್ನಾಗಿ ಸೇರಿಸಿ. ಅವರ 16 ಸಾವಿರದ ಅರ್ಧ 8 ಸಾವಿರ. ಈಗ ಮನೆ ಸಾಲದ ಕಂತಿಗೆ 27,700 ಸಿಕ್ಕಿತು. ಹತ್ತಿರ ಹತ್ತಿರ 32 ಲಕ್ಷ. ಪರ್ಸನಲ್ ಲೋನ್ ಮುಟ್ಟದೆಯೇ ಆಯ್ತಲ್ಲ.

14 ಲಕ್ಷ ಇದೆ ಅಂತ ಖುಷಿಯಾಗಿರಬೇಡಿ. 30 ಲಕ್ಷದಿಂದ 75 ಲಕ್ಷದ ನಡುವಿನ ಸಾಲಕ್ಕೆ ಆಸ್ತಿ ಬೆಲೆಯ ನೂರಕ್ಕೆ 80, 30 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 90 ಅಂತ ಆರ್‌ಬಿಐ ಮಿತಿ ಇದೆ. ಆ ಬೆಲೆ ಅಂದರೆ ಬ್ಯಾಂಕಿನ ಮೌಲ್ಯಮಾಪಕರು ಬರೆದ ಬೆಲೆ. ಮಾಲೀಕರು ಹೇಳಿದ್ದನ್ನು ಬ್ಯಾಂಕು ಒಪ್ಪಬೇಕೆಂದಿಲ್ಲ. ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಆಗಿದೆ. 40 ಲಕ್ಷಕ್ಕೆ ಎಲ್ಲ ಸೇರಿ 3 ಲಕ್ಷದ ಮೇಲೆ. ನಿಮ್ಮ 10 ಲಕ್ಷ, ಈ 3 ಲಕ್ಷ, 13 ಹೋಯ್ತು. ಉಳಿದ ಒಂದು ಲಕ್ಷದಲ್ಲಿ ಆ ಮೂರು ಸಣ್ಣ ಸಾಲ ಮುಚ್ಚಿ. ಅದಕ್ಕೇ ಆ ಲಕ್ಷ ಇದೆ ಅಂದುಕೊಳ್ಳಿ.

ಮತ್ತೆ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ ದಾಖಲೆ) ಇದೆಯಾ, ಋಣಭಾರ ಪತ್ರ (ಮನೆ ಮೇಲೆ ಬೇರೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಪತ್ರ) ಸರಿ ಇದೆಯಾ ನೋಡಿ. ಹಳೆ ಮನೆ ಅಂದಿರಿ. ಕಾಗದ ಸರಿ ಇಲ್ಲದ ಮನೆಗೆ ನಿಮ್ಮ ಸಿಬಿಲ್ 850 ಇದ್ದರೂ ಸಾಲ ಹುಟ್ಟುವುದಿಲ್ಲ.

—

ನರ್ಸ್, ಜೇವರ್ಗಿ ರಸ್ತೆ

ಸರ್, ನನ್ನದು ಕೇಳಿ. ಮಾಡಬಾರದ್ದನ್ನು ಮಾಡಿದವಳು ನಾನು.

ನಮಗೆ 24 ಲಕ್ಷ ಮಂಜೂರಾಯಿತು. ಮಂಜೂರಾತಿ ಪತ್ರ ಕೈಗೆ ಬಂದ ದಿನ ಮನೆಯಲ್ಲಿ ಹಬ್ಬ. ನೋಂದಣಿಗೆ ಇನ್ನೂ ಐದು ವಾರ ಇತ್ತು. ಅಷ್ಟರಲ್ಲಿ ಯಜಮಾನ್ರು ಸೂಪರ್ ಮಾರ್ಕೆಟ್‌ಗೆ ಹೋಗಿ ಫ್ರಿಜ್ಜು, ವಾಷಿಂಗ್ ಮಷಿನ್ ನೋಡಿಬಂದರು. ಹೊಸ ಮನೆಗೆ ಹೊಸ ಸಾಮಾನು ಬೇಡವಾ? "ಝೀರೋ ಪರ್ಸೆಂಟ್ ಮೇಡಂ, ಬಡ್ಡಿಯೇ ಇಲ್ಲ" ಅಂದ ಅಂಗಡಿ ಹುಡುಗ. ನಾನೇ ಆಧಾರ್, ಪ್ಯಾನ್ ಕೊಟ್ಟು ಸಹಿ ಹಾಕಿ ಬಂದೆ. ಕಂತು 4,700.

ದುಡ್ಡು ಬಿಡುಗಡೆ ಮಾಡುವ ಮುಂಚೆ ಬ್ಯಾಂಕಿನವರು ಸಿಬಿಲ್ ಇನ್ನೊಮ್ಮೆ ತೆಗೆದರು. ಅದರಲ್ಲಿ ಎರಡು ಹೊಸ ಸಾಲ. ಬಡ್ಡಿ ಇಲ್ಲದಿದ್ದರೂ ಅದು ಸಾಲವೇ ಅಂತ ನನಗೆ ಗೊತ್ತಿರಲಿಲ್ಲ. ಮ್ಯಾನೇಜರ್ ಫೋನ್ ಮಾಡಿ, "ನಿಮ್ಮ ಲೆಕ್ಕ ಮತ್ತೆ ಹಾಕಬೇಕಾಗಿದೆ, 24 ಕೊಡಲು ಆಗಲ್ಲ, 20 ಆಗುತ್ತೆ" ಅಂದರು. ನೋಂದಣಿಗೆ ಒಂಬತ್ತು ದಿನ ಇತ್ತು. ನನ್ನ ಬಂಗಾರದ ಬಳೆ ಎರಡು, ಅವ್ವನ ಸರ, ಎಲ್ಲ ತೂಕಕ್ಕೆ ಹಾಕಿ ಆ ಫ್ರಿಜ್ಜಿನ ಸಾಲ ಪೂರ್ತಿ ಮುಚ್ಚಿದೆ. ಅಂಗಡಿಯವರ ಆ್ಯಪಿನಲ್ಲಿ "ಕ್ಲೋಸ್ಡ್" ಅಂತ ಬಂದರೂ ಬ್ಯಾಂಕು ಒಪ್ಪಲಿಲ್ಲ, ಸಾಲ ಬಾಕಿ ಇಲ್ಲ ಅನ್ನೋ ಎನ್‌ಒಸಿ ಕಾಗದವೇ ಬೇಕು ಅಂದರು. ಅದು ಬರಲು ಆರು ದಿನ. ಆ ಆರು ದಿನ ನಾನು ಡ್ಯೂಟಿಯಲ್ಲಿ ಯಾರಿಗೆ ಯಾವ ಇಂಜೆಕ್ಷನ್ ಕೊಟ್ಟೆನೋ ದೇವರೇ ಬಲ್ಲ (ಸರಿಯಾಗೇ ಕೊಟ್ಟಿದ್ದೇನೆ, ಹೆದರಬೇಡಿ).

ಫ್ರಿಜ್ಜು ಚೆನ್ನಾಗಿ ನಡೀತಿದೆ. ನೀವು ಮಾತ್ರ ಮನೆ ನಿಮ್ಮ ಹೆಸರಿಗೆ ಆಗುವ ತನಕ ಒಂದು ಮಿಕ್ಸರ್ ಕೂಡ ಕಂತಿನಲ್ಲಿ ತಗೋಬೇಡಿ.

—

ಬಸ್ ಕಂಡಕ್ಟರ್, ಆಳಂದ ನಾಕಾ

ಮಾಸ್ತರೆ, ಒಂದು ಪ್ರಶ್ನೆ. ಯಾರಿಗಾದರೂ ಜಾಮೀನು ನಿಂತಿದ್ದೀರಾ? ನೆನಪು ಮಾಡಿಕೊಂಡು ಹೇಳಿ.

ನಾನು ನಿಂತಿದ್ದೆ. ನಮ್ಮ ಸೋದರಮಾವನ ಟ್ರ್ಯಾಕ್ಟರ್ ಸಾಲಕ್ಕೆ. ಮಾವ ಕೇಳಿದಾಗ ಇಲ್ಲ ಅನ್ನೋಕೆ ಆಗುತ್ತಾ? ಒಂದು ಸಹಿ ತಾನೇ ಅಂತ ಹಾಕಿ ಮರೆತೆ. 2022ರಲ್ಲಿ ನೆಟೆ ರೋಗ ಬಂದು ನಮ್ಮ ಕಡೆ ತೊಗರಿ ನಿಂತಲ್ಲೇ ಒಣಗಿತು. ಮಾವನ ಹೊಲದಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಗಿಡ ಸೌದೆ ಆಗಿತ್ತು. ಕಂತು ಎರಡು ತಪ್ಪಿದವು. ಅವರು ನನಗೆ ಹೇಳಲಿಲ್ಲ, ಸಂಕೋಚ.

ನಾನು ಮನೆ ಸಾಲಕ್ಕೆ ಹೋದಾಗ ಕ್ಲರ್ಕ್ ಕಂಪ್ಯೂಟರ್ ನೋಡಿ, "ಟ್ರ್ಯಾಕ್ಟರ್ ಎಲ್ಲಿದೆ ನಿಮ್ದು?" ಅಂದ. ನಾನು ನಕ್ಕೆ. ಬಸ್ಸಿನವನಿಗೆ ಟ್ರ್ಯಾಕ್ಟರ್ ಯಾಕೆ? ಅವನು ಸ್ಕ್ರೀನ್ ತಿರುಗಿಸಿ ತೋರಿಸಿದ. ಗ್ಯಾರಂಟರ್ ಅಂತ ನನ್ನ ಹೆಸರು, ಮುಂದೆ ಕೆಂಪು ಅಕ್ಷರದಲ್ಲಿ ಬಾಕಿ. ಜಾಮೀನು ನಿಂತ ಸಾಲವೂ ನಮ್ಮ ಸಿಬಿಲ್‌ನಲ್ಲಿ ಬರುತ್ತದೆ ಅಂತ ಆ ದಿನ ಗೊತ್ತಾಯ್ತು. ನನ್ನ ಸ್ಕೋರು 640ಕ್ಕೆ ಇಳಿದಿತ್ತು.

ಮಾವನ ಜೊತೆ ಜಗಳ ಆಡಲಿಲ್ಲ. ಅವರ ಹೊಲದ ಪರಿಸ್ಥಿತಿ ಕಣ್ಣಾರೆ ನೋಡಿದ್ದೆ. ಬಾಕಿ ಕಂತು ನಾನು ಅರ್ಧ, ಅವರ ಮಗ ಅರ್ಧ ಕಟ್ಟಿದೆವು. ಆಮೇಲೆ ಹದಿನಾಲ್ಕು ತಿಂಗಳು ಕಾದೆ. ಸ್ಕೋರು 730ಕ್ಕೆ ಬಂತು. ಮನೆ ಆಯ್ತು, ಆದರೆ ಅಷ್ಟರಲ್ಲಿ ನಾನು ನೋಡಿದ್ದ ಮನೆ ಬೇರೆಯವರ ಪಾಲಾಗಿತ್ತು.

ನಮ್ಮ ನೌಕರರ ಸಂಘದ ಸಾಲ ಸಿಬಿಲ್‌ನಲ್ಲಿ ಕಾಣಿಸಲಿಲ್ಲ. ಆದರೆ ಸಂಬಳದ ಚೀಟಿಯಲ್ಲಿ ಕಟಾವಣೆ ಬಂದೇ ಬರುತ್ತದಲ್ಲ, ಅಲ್ಲಿ ಹಿಡಿದರು. ಏನನ್ನೂ ಮುಚ್ಚಿಡಲು ಹೋಗಬೇಡಿ, ಸುಮ್ನೆ ಮರ್ಯಾದೆ ಹೋಗುತ್ತೆ.

—

ಕೇಳಿದವರು

ಅಣ್ಣಾ, ನಮ್ಮ ಶಾಲೆಯ ಒಬ್ಬ ಸಹೋದ್ಯೋಗಿಗೆ ಸೊಸೈಟಿ ಸಾಲಕ್ಕೆ ಜಾಮೀನು ನಿಂತಿದ್ದೇನೆ. ಅವರು ಸರಿಯಾಗಿ ಕಟ್ಟುತ್ತಿದ್ದಾರೆ ಅಂದುಕೊಂಡಿದ್ದೇನೆ. ನಾಳೆ ಕೇಳಬೇಕು. ಹೇಗೆ ಕೇಳೋದು ಅಂತ ಈಗಲೇ ಚಿಂತೆ.

—

ಬಸ್ ಕಂಡಕ್ಟರ್, ಆಳಂದ ನಾಕಾ

ಚಹಾ ಕುಡಿಸಿ ಕೇಳಿ.

—

ಕಿರಾಣಿ ವ್ಯಾಪಾರ, ಗಂಜ್

ನಮ್ಮಂಥ ಅಂಗಡಿಯವರ ಕಥೆಯೇ ಬೇರೆ. ಸಂಬಳದ ಚೀಟಿ ಇಲ್ಲ, ಐಟಿ ರಿಟರ್ನ್ಸ್ ನೋಡುತ್ತಾರೆ. ತೆರಿಗೆ ಉಳಿಸಲು ಲಾಭ ಕಡಿಮೆ ತೋರಿಸಿದವರು ಸಾಲ ಕೇಳುವಾಗ ಬಾಯಿ ಬಿಡುವಂತಿಲ್ಲ. ಅದು ಇರಲಿ, ಮಾಸ್ತರಿಗೆ ಅದು ಬೇಕಾಗಿಲ್ಲ.

ನಾನು ಹೇಳಬೇಕಾದದ್ದು ಸೆಟಲ್‌ಮೆಂಟ್ ಬಗ್ಗೆ. ಲಾಕ್‌ಡೌನ್ ಆದ ಮೇಲೆ ಒಂದು ಕಾರ್ಡಿನ ಬಾಕಿ 1 ಲಕ್ಷ 10 ಸಾವಿರಕ್ಕೆ ಏರಿತ್ತು. ವಸೂಲಿಯವನು ಫೋನ್ ಮಾಡಿ, "ಅಣ್ಣಾ, 60 ಸಾವಿರ ಒಮ್ಮೆಲೇ ಕೊಡಿ, ಮುಗಿಸಿಬಿಡೋಣ" ಅಂದ. 50 ಸಾವಿರ ಉಳಿಯಿತು ಅಂತ ನಾನು ಮನೆಗೆ ಪೇಡಾ ತಂದೆ. ಮೂರು ವರ್ಷದ ಮೇಲೆ ಮನೆ ಸಾಲ ಕೇಳಿದಾಗ ಗೊತ್ತಾಯ್ತು, ವರದಿಯಲ್ಲಿ "ಕ್ಲೋಸ್ಡ್" ಅಂತ ಇಲ್ಲ, "ಸೆಟಲ್ಡ್" ಅಂತ ಇದೆ. ಪೂರ್ತಿ ಕೊಡದೆ ಕೈ ತೊಳೆದುಕೊಂಡವನು ಅಂತ ಅದರ ಅರ್ಥ. ಎರಡು ಬ್ಯಾಂಕು ಅದನ್ನು ನೋಡಿಯೇ ಫೈಲು ವಾಪಸ್ ಕೊಟ್ಟವು. ಕಡೆಗೆ ಉಳಿದ ರೊಕ್ಕ ಕೊಟ್ಟು, ಬಾಕಿ ಇಲ್ಲ ಅಂತ ಪತ್ರ ತಗೊಂಡು, "ಕ್ಲೋಸ್ಡ್" ಅಂತ ಬದಲಾಯಿಸಿಕೊಂಡೆ. ಪೇಡಾ ದುಬಾರಿ ಬಿತ್ತು.

ನಿಮ್ಮ ಕಾರ್ಡಿನ 46 ಸಾವಿರಕ್ಕೆ ಯಾರಾದರೂ ಅಂಥ ಆಸೆ ತೋರಿಸಿದರೆ ಬೀಳಬೇಡಿ. ಪೂರ್ತಿ ಕೊಡಿ. ಮಿನಿಮಮ್ ಕಟ್ಟುವುದು ಬೇರೆ ಇನ್ನೊಂದು ರೋಗ. ಕಂತು ತಪ್ಪಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಬಡ್ಡಿ ವರ್ಷಕ್ಕೆ ನೂರಕ್ಕೆ 40ರ ಆಸುಪಾಸು ಓಡುತ್ತಿರುತ್ತದೆ. ಕಾರ್ಡಿನ ಮಿತಿ ಎಷ್ಟು? 50 ಸಾವಿರದ ಮಿತಿಯಲ್ಲಿ 46 ಬಳಸಿದ್ದರೆ ಸ್ಕೋರು 718ಕ್ಕೆ ನಿಂತದ್ದು ಅದಕ್ಕೇ ಇರಬೇಕು. ಮಿತಿಯ ನೂರಕ್ಕೆ 30ರ ಒಳಗೆ ಇಟ್ಟುಕೊಳ್ಳಿ ಅನ್ನುತ್ತಾರೆ.

ಕೈಬಡ್ಡಿ ಸಾಲ ಸಿಬಿಲ್‌ಗೆ ಬರಲ್ಲ, ಅದನ್ನು ತಂದು ಇವೆಲ್ಲ ಮುಚ್ಚಿ ಅಂತ ಗಂಜಿನಲ್ಲಿ ಸಲಹೆ ಕೊಡುವವರು ಸಿಗುತ್ತಾರೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36. ಅಲ್ಲದೆ ಬ್ಯಾಂಕಿನವರು ಆರು ತಿಂಗಳು, ವರ್ಷದ ಖಾತೆ ವಿವರ ಕೇಳುತ್ತಾರೆ. ಪ್ರತಿ 5ನೇ ತಾರೀಖು ಒಬ್ಬನಿಗೇ ಫೋನ್‌ಪೇ ಹೋಗುತ್ತಿದ್ದರೆ ಅದೇನು ಅಂತ ಕೇಳದೆ ಇರುತ್ತಾರಾ?

—

ಶಹಾಪುರ, ಯಾದಗಿರಿ ಜಿಲ್ಲೆ

ಹೆಂಡತಿಯವರನ್ನು ಸೇರಿಸಿ ಅಂದರಲ್ಲ, ಸೇರಿಸುವ ಮುಂಚೆ ಅವರ ವರದಿಯನ್ನೂ ತೆಗೆಸಿ. ಸಹ ಅರ್ಜಿದಾರರ ಆದಾಯದ ಜೊತೆ ಅವರ ಸಾಲವೂ ಬರುತ್ತದೆ. ನನ್ನ ಹೆಂಡತಿ ಹೆಸರಲ್ಲಿ ಎರಡು ಮೈಕ್ರೋ ಫೈನಾನ್ಸ್ ಸಾಲ ಇದ್ದವು. ಓಣಿಯ ಹೆಣ್ಣುಮಕ್ಕಳ ಗುಂಪಿನಲ್ಲಿ ತೆಗೆದದ್ದು, ಒಂದು ತನಗೆ, ಇನ್ನೊಂದು ಗೆಳತಿಗೆ. ನನಗೆ ಗೊತ್ತೇ ಇರಲಿಲ್ಲ. ಅವಳ ಆದಾಯದಿಂದ ಸಿಕ್ಕ ಲಾಭ ಆ ಕಂತುಗಳಿಗೇ ಹೋಯ್ತು. ಮನೆಯಲ್ಲಿ ಒಂದು ವಾರ ಮಾತಿಲ್ಲ. ಆಮೇಲೆ ನನ್ನ ಬೈಕಿನ ಸಾಲ ನಾನೂ ಹೇಳಿರಲಿಲ್ಲ ಅಂತ ಹೊರಬಿತ್ತು, ಅಲ್ಲಿಗೆ ಸರಿಸಮ.

ವರದಿ ಉಚಿತ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಕಂಪನಿ ಇವೆ. ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ನಾವೇ ನೋಡಿಕೊಂಡರೆ ಸ್ಕೋರು ಇಳಿಯಲ್ಲ. ಐದಾರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಿದರೆ ಇಳಿಯುತ್ತದೆ.

—

ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ, ಬೀದರ್

ನಾನು ಎಲ್ಲರಿಗೂ ವಿರುದ್ಧ ಹೇಳುತ್ತೇನೆ, ಬೈಬೇಡಿ. 32 ಲಕ್ಷ ಸಿಗುತ್ತದೆ ಸರಿ. ಕಟ್ಟೋದು ಹೇಗೆ? 30 ಲಕ್ಷಕ್ಕೆ 26 ಸಾವಿರ, ಪರ್ಸನಲ್ ಲೋನ್ 9,300. ಒಟ್ಟು 35 ಸಾವಿರ. ಇಬ್ಬರ ಸಂಬಳ ಸೇರಿ 74. ಉಳಿದ 39ರಲ್ಲಿ ಮಕ್ಕಳ ಫೀಸು, ಆಳಂದಕ್ಕೆ ಓಡಾಟ, ಊರಲ್ಲಿ ಅಪ್ಪ ಅಮ್ಮ. ಹೆಂಡತಿಯವರ ಖಾಸಗಿ ಶಾಲೆ ಬೇಸಿಗೆಯಲ್ಲಿ ಸಂಬಳ ಕೊಡುತ್ತದೆಯೇ? ನಮ್ಮ ಅಕ್ಕನ ಶಾಲೆ ಏಪ್ರಿಲ್, ಮೇ ಕೊಡಲ್ಲ.

ಕೂಡಿಟ್ಟ 14ರಲ್ಲಿ ಒಂದು ಪೈಸೆ ಉಳಿಯದ ಹಾಗೆ ಮನೆ ತಗೊಂಡರೆ, ಮುಂದಿನ ತಿಂಗಳು ಆಸ್ಪತ್ರೆ ಬಂದರೆ ಮತ್ತೆ ಪರ್ಸನಲ್ ಲೋನೇ. ನಾನಾದರೆ ಒಂದು ವರ್ಷ ಕಾಯುತ್ತೇನೆ, ಪರ್ಸನಲ್ ಲೋನ್ ಮೊದಲು ಮುಗಿಸುತ್ತೇನೆ. ಅದರ ಬಡ್ಡಿ 14 ಇರಬೇಕು, ಮನೆ ಸಾಲದ್ದು ಎಂಟೂವರೆ. ಇಲ್ಲವಾದರೆ 32, 33 ಲಕ್ಷದ ಮನೆ ನೋಡಿ.

—

ಬ್ಯಾಂಕಿನಿಂದ ನಿವೃತ್ತ, ಶಹಾಬಜಾರ

ಬೀದರಿನ ತಮ್ಮನ ಮಾತು ಸರಿ, ಬ್ಯಾಂಕು ಕೊಡುವುದಕ್ಕೂ ನಾವು ಕಟ್ಟುವುದಕ್ಕೂ ಬಹಳ ಅಂತರ. ಒಂದು ತಿದ್ದುಪಡಿ ಮಾತ್ರ. ಫ್ಲೋಟಿಂಗ್ ಬಡ್ಡಿಯ, ಅಂದರೆ ಬಡ್ಡಿ ದರ ಏರಿಳಿಯುವ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ. ಬಡ್ಡಿ ದರ ಬದಲಾಗದ ಪರ್ಸನಲ್ ಲೋನಿಗೆ ಹಾಕಬಹುದು, ಕರಾರು ಪತ್ರ ಓದಿ ತೀರಿಸಿ.

ಇನ್ನು ಮುಂಗಡದ ವಿಷಯ. ಮಾಲೀಕರಿಗೆ ಕೊಡಲೇಬೇಕು ಅಂದರೆ 2 ಲಕ್ಷ ಬೇಡ, 50 ಸಾವಿರ ಕೊಡಿ. ಕರಾರಿನಲ್ಲಿ "ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ಹಣ ಇಷ್ಟು ದಿನದೊಳಗೆ ವಾಪಸ್" ಅಂತ ಸಾಲು ಬರೆಸಿ. ಬರೆಯಲು ಒಪ್ಪದಿದ್ದರೆ ಮನೆ ಎಷ್ಟು ಚಂದ ಇದ್ದರೂ ಎದ್ದು ಬನ್ನಿ.

ಸಾಲ ಮುಚ್ಚಿದ ಮೇಲೆ ವರದಿ ಬದಲಾಗಲು ಮೊದಲಿನಷ್ಟು ಕಾಯಬೇಕಿಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ.

—

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಧನ್ಯವಾದ. ಇಲ್ಲಿಯವರೆಗೆ ಆದದ್ದು ಹೇಳುತ್ತೇನೆ.

ಫೋನ್ ಮುಗಿಸಿದೆ, 8,400. ಕಾರ್ಡ್ ಪೂರ್ತಿ ಕಟ್ಟಿದೆ. ಬೈಕ್ ಫೈನಾನ್ಸ್ ಆಫೀಸಿಗೆ ಹೋದರೆ ಅಸಲು ಬಾಕಿ 22,600, ಮುಂಚಿತವಾಗಿ ಮುಚ್ಚುವ ಶುಲ್ಕ, ಅದರ ಮೇಲೆ ಜಿಎಸ್‌ಟಿ ಸೇರಿ 23,667 ಅಂದರು. ಕಟ್ಟಿ ಎನ್‌ಒಸಿ ತಗೊಂಡೆ. ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ತೆಗೆಸಲು ಫಾರ್ಮ್ 35 ಕೊಟ್ಟಿದ್ದಾರೆ, ಆರ್‌ಟಿಒ ಕಚೇರಿಗೆ ಹೋಗಬೇಕು.

ಸಹೋದ್ಯೋಗಿಗೆ ಚಹಾ ಕುಡಿಸಿದೆ. ಸಂಬಳದಲ್ಲೇ ಕಟಾವಣೆ ಆಗುತ್ತದೆ, ತಪ್ಪಿಲ್ಲ. ಚಹಾದ ದುಡ್ಡು ಅವರೇ ಕೊಟ್ಟರು. ಹೆಂಡತಿ ವರದಿ ಸ್ವಚ್ಛ ಇದೆ, ಮನೆಯಲ್ಲಿ ಮಾತುಕತೆ ನಡೆಯುತ್ತಿದೆ. ಬೇಸಿಗೆ ಸಂಬಳ ಮಾತ್ರ ಬೀದರಿನವರು ಹೇಳಿದಂತೆಯೇ, ಮೇ ತಿಂಗಳದ್ದು ಬರಲ್ಲ. ಇಷ್ಟು ದಿನ ನನಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ.

ಮಾಲೀಕರು ಆ ಸಾಲು ಬರೆಯಲು ಒಪ್ಪಲಿಲ್ಲ. "ಬೇರೆ ಗಿರಾಕಿ ಇದ್ದಾರೆ" ಅಂದರು. ಎದ್ದು ಬಂದೆವು. ಹೆಂಡತಿಗೆ ಆ ಮನೆಯ ಅಂಗಳದ ಬೇವಿನ ಮರ ಭಾಳ ಹಿಡಿಸಿತ್ತು, ದಾರಿಯುದ್ದಕ್ಕೂ ಮಾತಾಡಲಿಲ್ಲ. ಈಗ 34 ಲಕ್ಷದೊಳಗೆ ಹುಡುಕುತ್ತಿದ್ದೇವೆ. ಕುಸನೂರ ರಸ್ತೆ ಕಡೆ ಇ-ಖಾತಾ ಆಗಿರುವ ಮನೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

—

ನರ್ಸ್, ಜೇವರ್ಗಿ ರಸ್ತೆ

ನಮ್ಮ ಹಿಂದಿನ ಓಣಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಸರ್. ಭಾನುವಾರ ಮೇಡಂ ಅವರನ್ನು ಕರೆದುಕೊಂಡು ಬನ್ನಿ. ಬೇವಿನ ಮರ ಇಲ್ಲ, ನುಗ್ಗೆ ಗಿಡ ಇದೆ.